ಚಾಪೆಯ ಕೆಳಗೆ ಇಬ್ಬರು

ಮಾಂಗೆರೆ, ಆಕ್ಲೆಂಡ್
೧೨ ಮಾರ್ಚ್ ೨೦೧೮

ನನ್ನ ಚೊಚ್ಚಲು ಮಗ ಸೆಫೊನಿಗೆ, ಅಮ್ಮನ ಮುತ್ತುಗಳು.

ಹೇಗಿದ್ದೀಯೋ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ಬ್ರಿಸ್ಬೇನಿನ ಪೆಟ್ರೋಲ್ ಬಂಕುಗಳ ತಣ್ಣನೆ ಪೈ ತಿಂದೇ ದಿನ ದೂಡುತ್ತಿದ್ದೀಯೋ? ಎತ್ತರದ ಕಟ್ಟಡಗಳಿಗೆ ಕಬ್ಬಿಣದ ಅಟ್ಟ ಕಟ್ಟುವ ಕೆಲಸ ಎಂದು ನಿನ್ನ ಚಿಕ್ಕಮ್ಮ ಹೇಳಿದಳು. ಸೊಂಟಕ್ಕೆ ಬೆಲ್ಟು ಕೊಟ್ಟಿದ್ದಾರೋ? ಕೊಡದಿದ್ದರೆ ಮೇಲೆ ಹತ್ತಬೇಡ. ಯೂನಿಯನ್ನಿಗೆ ಸೇರಿದೆಯೋ? ಸೇರಿಲ್ಲವಾದರೆ ನಾಳೆಯೇ ಸೇರು. ತಾಯಿಯ ಆಶೀರ್ವಾದಕ್ಕಿಂತ ಅದು ಬೇಗ ಕೆಲಸಕ್ಕೆ ಬರುತ್ತದೆ. ನನ್ನ ಮಂಡಿ ನೋವು ಹಾಗೆಯೇ ಇದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ "ಅಮ್ಮಾ, ಕೆಲಸದಲ್ಲಿದೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೆ ಬಾಯಿ ಮುಚ್ಚಿಸಲು ಬರುವುದಿಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಚರ್ಚಿನ ಹಾಡುಗಾರರು ನಿಮ್ಮ ಕಡೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಮೊದಲು ನಿನ್ನ ತಂಗಿಯ ಸುದ್ದಿ. ತೊಡೆಯ ಚರ್ಮ ತೆಗೆದು ರೂತಾಳ ಎರಡೂ ಅಂಗೈಗೆ ಹಚ್ಚಿದ್ದರಲ್ಲ, ಅದು ಹಿಡಿದಿದೆ. ಬಲಗೈ ಹೆಬ್ಬೆರಳು ಮಡಚುತ್ತಿದೆ. ಎಡಗೈಯ ಎರಡು ಬೆರಳು ಇನ್ನೂ ಮೊಂಡು ಹಿಡಿದು ಕೂತಿವೆ, ಥೇಟ್ ನಿನ್ನ ಹಾಗೆ. ಬಸ್ ಡಿಪೋದವರು ಅವಳ ಕೆಲಸವನ್ನು ಕಾದಿರಿಸಿದ್ದಾರೆ. ಕಾದಿರಿಸದೆ ಏನು ಮಾಡುತ್ತಾರೆ, ನಾನೇ ಹೋಗಿ ಮ್ಯಾನೇಜರನ ಮೇಜಿನ ಮುಂದೆ ಕುಳಿತೆ. ತಲೆ ಬಾಚುವುದು, ಉಣ್ಣಿಸುವುದು, ಎಲ್ಲ ನಾನೇ. ಮೊನ್ನೆ ಬಾಯಿಗೆ ಟಾರೊ ಗೆಡ್ಡೆ ಇಡುವಾಗ "ಅಮ್ಮಾ, ನಿಧಾನ! ನಾನೇನು ನಿಮ್ಮ ಮಾಂಸದ ಕಾರ್ಖಾನೆ ಯಂತ್ರಾನಾ, ಹಿಂಗ್ ತುರುಕ್ತೀಯ?" ಎಂದಳು. ನಕ್ಕೆವು. ನಕ್ಕ ಮೇಲೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಆ ಶನಿವಾರ ಕಾರು ಪಂದ್ಯದ ಡ್ರ್ಯಾಗ್ ಪಟ್ಟಿಯ ಬಳಿ ನೀನೂ ಇದ್ದೆ, ನಿನಗೆ ಹೇಳಬೇಕಾದ್ದೇನೂ ಇಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇಷ್ಟರಲ್ಲಿ ನೀನು ಅದನ್ನು ನಿನಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತೀಯ. ನಿನ್ನ ತಂಗಿ ಆ ಕಾರನ್ನು ಹಿಂದೆಂದೂ ಯಾರೂ ಓಡಿಸದಷ್ಟು ಜೋರಾಗಿ ಓಡಿಸಿದಳು. ಕೊನೆಯ ಗೆರೆ ದಾಟುವ ಹೊತ್ತಿಗೆ ನಮ್ಮ ಮೆಕ್ಯಾನಿಕ್ ಫಲನಿಕೊ ಕಟ್ಟಿದ ಎಂಜಿನ್ ಒಳಗಿಂದ ಸಿಡಿಯಿತು. ಬಿಸಿ ಎಣ್ಣೆ ಒಳಗೆ ನುಗ್ಗಿತು, ಹೊತ್ತಿಕೊಂಡಿತು. ಬಾಗಿಲ ಚಿಲಕ ಸಿಕ್ಕಿಕೊಂಡಿತ್ತು. ಎಣ್ಣೆ ಕುಡಿದ ಕೈಗವಸಿನಲ್ಲೇ ಅದನ್ನು ಎಳೆದೆಳೆದು ಹೊರಬಂದಳು. ಮರುದಿನದ ಪತ್ರಿಕೆ ಬರೆದದ್ದೇನು ಗೊತ್ತೇ? ದಕ್ಷಿಣ ಆಕ್ಲೆಂಡಿನ ಪುಂಡರ ಹುಚ್ಚಾಟವಂತೆ! ಪರವಾನಗಿ ಇರುವ ಪಟ್ಟಿ, ಟಿಕೆಟ್ ಹರಿದು ಒಳಗೆ ಬಿಟ್ಟ ಜನ, ನಿಂತಿದ್ದ ಆಂಬುಲೆನ್ಸ್, ಆದರೂ ಹುಚ್ಚಾಟ. ಬೆಟ್ಟದ ಮೇಲಿನ ಬಂಗಲೆಯವರು ಇದೇ ವೇಗಕ್ಕೆ ಶಾಂಪೇನ್ ಚೆಲ್ಲಿಕೊಂಡು ಕುಣಿದರೆ ಅದು ಕ್ರೀಡೆ. ನಮ್ಮ ಹುಡುಗಿ ಬಸ್ ಓಡಿಸಿ ಕೂಡಿಟ್ಟ ದುಡ್ಡಿನಲ್ಲಿ ಅದನ್ನೇ ಮಾಡಿದರೆ ಪುಂಡಾಟ. ಇರಲಿ. ಅವರಿಗೆ ಬರೆಯುವ ಕಾಗದ ಬೇರೆ ಇದೆ.

ನಿನ್ನ ವಿಷಯಕ್ಕೆ ಬರುತ್ತೇನೆ. ರೂತಾಳನ್ನು ಇನ್ನೂ ಆಪರೇಷನ್ ಕೋಣೆಯಲ್ಲಿ ಇಟ್ಟುಕೊಂಡಿದ್ದಾಗಲೇ ನೀನು ವಿಮಾನ ಹತ್ತಿದೆ. "ಕೆಲಸ ಸಿಕ್ತು, ಈಗ್ಲೇ ಸೇರ್ಬೇಕಂತೆ" ಎಂದೆ. ನಂಬಿದೆ. ಆಮೇಲೆ ಅಲ್ಲಿಂದ ಫೋನು ಮಾಡಿದೆಯಲ್ಲ, ನಿನ್ನ ಬಾಯಿಂದ ಬಂದ ಮೊದಲ ಮಾತು ಯಾವುದು, ನೆನಪಿದೆಯೋ? "ಎಂಜಿನ್ ಬಿಚ್ಚಿದ್ರಾ ಅಮ್ಮಾ?" ಎಂದು ಕೇಳಿದೆ. ಅವಳ ಕೈ ಹೇಗಿದೆ ಎಂದು ಆಮೇಲೆ ಕೇಳಿದೆ. ಸೆಫೊ, ತಂಗಿ ಎಂದರೆ ಅಣ್ಣನ ಕಣ್ಣಿನ ಪಾಪೆ ಎಂದು ನಮ್ಮವರು ಸುಮ್ಮನೆ ಹೇಳುವುದಿಲ್ಲ. ಚಿಕ್ಕಂದಿನಲ್ಲಿ ಅವಳಿಗೆ ಜ್ವರ ಬಂದರೆ ನೀನು ಊಟ ಬಿಡುತ್ತಿದ್ದೆ. ಅಂಥವನು ಅವಳ ಕೈಗಿಂತ ಮೊದಲು ಎಂಜಿನ್ ಕೇಳಿದನೆಂದರೆ? ನಾನು ಮೂವತ್ತು ವರ್ಷ ಮಾಂಸದ ಕಾರ್ಖಾನೆಯಲ್ಲಿ ಯೂನಿಯನ್ ಪ್ರತಿನಿಧಿಯಾಗಿದ್ದವಳು. ಅಪಘಾತವಾದಾಗ ಯಾರು ಮೊದಲು ಯಂತ್ರದ ವಿಷಯ ಎತ್ತುತ್ತಾರೆ ಎಂಬುದು ನನಗೆ ಗೊತ್ತು. ಆದರೂ ಆ ಕ್ಷಣ ಮನಸ್ಸು ಒಪ್ಪಲಿಲ್ಲ. ಸಿಟ್ಟನ್ನು ಫಲನಿಕೊನ ಕಡೆಗೆ ತಿರುಗಿಸಿದೆ.

ವಿರಿಯಲ್ಲಿರುವ ಅವನ ಶೆಡ್ಡಿಗೆ ನೇರ ಹೋಗಿ ಕೂಗಾಡಿದೆ. "ನನ್ನ ಮಗಳ ಕೈ ತಿಂದ ಯಂತ್ರ ಎಲ್ಲಿದೆ, ತೋರ್ಸು! ಬಿಚ್ಚಿ ತೋರ್ಸು! ಕಾರ್ಖಾನೆ ಮಾಲೀಕರಂಗೆ ಬಾಗಿಲು ಮುಚ್ಕೊಂಡು ನೀನೇ ವಿಚಾರಣೆ ಮಾಡ್ಕೊಬೇಡ!" ಎಂದೆ. ಅವನು ಕೈ ಒರೆಸಿಕೊಂಡು "ಬಾ ಅಕ್ಕಾ. ಉಸಿರು ತಗೊಂಡು ಬಯ್ಯಿ, ನಾನೆಲ್ಲೂ ಓಡಿಹೋಗಲ್ಲ" ಎಂದು ಕುರ್ಚಿ ಎಳೆದ. ಅವನ ಸ್ವಭಾವ ನಿನಗೆ ಗೊತ್ತು. ಸ್ಪ್ರಿಂಗ್ ಕಾರ್ಖಾನೆ ಬಾಗಿಲು ಹಾಕಿದಾಗ ನಮ್ಮ ನೂರಾರು ಜನರ ಜೊತೆ ಅವನೂ ಬೀದಿಗೆ ಬಿದ್ದ. ಕೆಲಸ ಕಿತ್ತುಕೊಂಡರು, ಕೈ ಕಿತ್ತುಕೊಳ್ಳಲಾಗಲಿಲ್ಲ. ಯಾರೇ ಎಂಜಿನ್ ಕಟ್ಟಿಕೊಡು ಎಂದು ಬಂದರೂ ಮೊದಲು ಚರ್ಚಿನ ಹಳೆಯ ವ್ಯಾನು ಕೊಟ್ಟು "ನನ್ನನ್ನ ಪೇಟೆಗೆ ಕರ್ಕೊಂಡು ಹೋಗಿ ಬಾ" ಎನ್ನುತ್ತಾನೆ. ಪಕ್ಕದಲ್ಲಿ ಕುಳಿತು ದಾರಿ ನೋಡುವುದಿಲ್ಲ, ಓಡಿಸುವವರ ಕಾಲು ನೋಡುತ್ತಾನೆ. ಕಾಲಿನ ಅಳತೆಗೆ ಎಂಜಿನ್ ಕಟ್ಟುವ ದರ್ಜಿ ಅವನು. ನಿನ್ನನ್ನೂ ಹಾಗೆ ಕರೆದುಕೊಂಡು ಹೋಗಿ ಬಂದು "ನಿನ್ ಕಾಲಿಗೆ ತಾಳ್ಮೆ ಇಲ್ಲ ಕಣೋ, ಕಟ್ಟಲ್ಲ" ಎಂದಿದ್ದನಲ್ಲ. ರೂತಾಳಿಗೆ ಮಾತ್ರ ಒಂದೇ ಸಲಕ್ಕೆ ಒಪ್ಪಿದ.

ರೂತಾಳ ಎಂಜಿನ್ನಿಗೆ ಹಾಕಿದ ಟರ್ಬೊ ಎಂದರೇನು ಎಂದು ಅವನು ಹಿಂದೊಮ್ಮೆ ನನಗೆ ಬಿಡಿಸಿ ಹೇಳಿದ್ದ. ಎಂಜಿನ್ ಉರಿದು ಬಿಟ್ಟ ಹೊಗೆ ಹೊರಗೆ ಹೋಗುವ ಮೊದಲು ಅದರ ಕೈಯಲ್ಲಿ ಒಂದು ಚಕ್ರ ತಿರುಗಿಸಿಕೊಳ್ಳುವುದು, ಆ ಚಕ್ರದಿಂದ ಇನ್ನಷ್ಟು ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುವುದು. "ಓಹೋ, ಸುಸ್ತಾಗಿ ಮನೆಗೆ ಹೊರಟವರನ್ನ ಗೇಟಿನ ಹತ್ರ ಹಿಡಿದು ಮತ್ತೆ ದುಡಿಸೋದು! ಅಪ್ಪಟ ಮಾಲೀಕರ ಬುದ್ಧಿ" ಎಂದಿದ್ದೆ. ಅವನು ಬಿದ್ದು ಬಿದ್ದು ನಕ್ಕು, "ಹೂಂ ಅಕ್ಕಾ, ಎಷ್ಟು ದುಡಿಸಬಹುದು ಅನ್ನೋದಕ್ಕೂ ಒಂದು ಮಿತಿ ಇದೆ. ಅದಕ್ಕೊಂದು ತಿರುಪು ಇರತ್ತೆ. ಮಿತಿ ಮೀರಿದ್ರೆ ಮುಷ್ಕರ!" ಎಂದಿದ್ದ.

ಅಂದು ಆ ಶೆಡ್ಡಿನಲ್ಲಿ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದ ಎಂಜಿನ್ನನ್ನು ಹರಡಿದ್ದ. ಹೆಣ ಮಲಗಿಸಿದ ಹಾಗಿತ್ತು. ಎಲ್ಲಿಂದ ಬಿಚ್ಚಿದನೋ ಅದೇ ಸಾಲಿನಲ್ಲಿ ಒಂದೊಂದು ಬೋಲ್ಟು, ಒಂದೊಂದು ರಿಂಗು. ಎಂಜಿನ್ನಿನೊಳಗೆ ತಿರುಗುವ ಮೂರು ಮೂಲೆಯ ರೋಟರು ಪೆಟ್ಟು ತಿಂದು ತಗ್ಗಾಗಿತ್ತು. ಅದರ ಮೂಲೆಗಳನ್ನು ಕಾಯುವ ಸೀಲುಗಳು ಚೂರುಚೂರು. "ಒತ್ತಡ ಜಾಸ್ತಿಯಾಗಿ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದಿದೆ. ನಂದೇ ತಪ್ಪು" ಎಂದ. ನನ್ನ ಕಣ್ಣು ಆ ಸಾಲಿನಲ್ಲಿ ಒಂದೇ ಒಂದು ಖಾಲಿ ಜಾಗಕ್ಕೆ ಬಿತ್ತು. "ಇಲ್ಲಿದ್ದದ್ದು ಎಲ್ಲಿ?" ಎಂದೆ. "ಯಾವ್ದಕ್ಕಾ?" "ಒತ್ತಡದ ತಿರುಪು. ಅವತ್ತು ನೀನೇ ತೋರಿಸಿದ್ದೆ, ಕೆಂಪು ಬಣ್ಣದ ಚುಕ್ಕೆ ಇಟ್ಟು ಬಿಗಿದಿದ್ಯಲ್ಲ." "ಕಳೆದೋಯ್ತು." ಒಂದು ವಾಷರ್ ಕಳೆದರೆ ಶೆಡ್ಡಿನ ಕಸವನ್ನೆಲ್ಲ ಜರಡಿ ಹಿಡಿಯುವ ಮನುಷ್ಯ ಕಳೆದೋಯ್ತು ಎಂದು ನನ್ನ ಮುಖ ನೋಡದೆ ಹೇಳಿದ. ನಿನ್ನ ಫೋನಿನ ಮಾತು ಆಗ ಬಂದು ಎದೆಗೆ ಗುದ್ದಿತು. ತಿರುಪನ್ನು ತಿರುಗಿಸಿದ್ದು ಅವನಲ್ಲ. ತಿರುಗಿಸಿದವನು ಯಾರೆಂದು ಗೊತ್ತಾಗಬಾರದೆಂದು ಅವನು ಅದನ್ನು ಅಡಗಿಸಿಟ್ಟಿದ್ದಾನೆ. ನಾನು ಎದ್ದು ಮನೆಗೆ ಬಂದೆ.

ಮೊನ್ನೆ ಶನಿವಾರ ನಸುಕಿಗೆ ಎದುರುಮನೆಯ ಬಿಳಿ ಅಜ್ಜಿ ಬಾಗಿಲು ಬಡಿದಳು. ನಸುಕಿನಲ್ಲಿ ಬಾಗಿಲು ಬಡಿದರೆ ನನ್ನ ತಲೆಮಾರಿಗೆ ಈಗಲೂ ಪೊಲೀಸರ ನಾಯಿಯೇ ಕಣ್ಣಿಗೆ ಬರುತ್ತದೆ. ವೀಸಾ ಮುಗಿದ ದ್ವೀಪದವರನ್ನು ಹುಡುಕುತ್ತ ಬಂದು ಹಾಸಿಗೆಯಿಂದ ನಮ್ಮನ್ನು ಎಬ್ಬಿಸಿ ನಿಲ್ಲಿಸಿ ಪಾಸ್‌ಪೋರ್ಟು ಕೇಳಿದ ದಿನಗಳು ಮರೆಯುವಂಥವಲ್ಲ. ಎದೆ ಹಿಡಿದುಕೊಂಡೇ ತೆರೆದೆ. ಅಜ್ಜಿ ಪಿಸುಗುಟ್ಟಿದಳು: "ಲಾಂಗಿ, ನಿಮ್ಮ ಹುಲ್ಲಿನ ಮೇಲೆ ಯಾರೋ ಚಾಪೆ ಬಿಸಾಕಿ ಹೋಗಿದಾರೆ ಕಣೇ. ಅದು ಅಲ್ಲಾಡ್ತಿದೆ! ಪೊಲೀಸ್ಗೆ ಹೇಳ್ಲಾ?" ನೋಡಿದರೆ ಮಂಜು ಬಿದ್ದ ಹುಲ್ಲಿನ ಮೇಲೆ ಫಲನಿಕೊ ಮಂಡಿಯೂರಿದ್ದಾನೆ. ತಲೆಯ ಮೇಲಿಂದ ಅವನ ತಾಯಿಯ ಆ ಹಳೆಯ ನುಣುಪು ಚಾಪೆ.

ನೀನು ಇಲ್ಲೇ ಹುಟ್ಟಿದವನು, ನಮ್ಮ ದ್ವೀಪದ ಇಫೋಂಗಾ ಪದ್ಧತಿ ಕಂಡವನಲ್ಲ. ಒಂದು ಮನೆಯವರು ಇನ್ನೊಂದು ಮನೆಯವರ ರಕ್ತ ಹರಿಸಿದರೆ ಹೀಗೆ ಬಂದು, ಮನೆಯ ಅತಿ ಬೆಲೆಬಾಳುವ ಚಾಪೆಯನ್ನು ತಲೆಗೆ ಹೊದ್ದು, ನೊಂದವರ ಅಂಗಳದಲ್ಲಿ ಕೂರುತ್ತಾರೆ. ಹೊಡೆಯುವುದಾದರೆ ಹೊಡೆಯಿರಿ, ಕ್ಷಮಿಸುವುದಾದರೆ ಚಾಪೆ ಎತ್ತಿ ಎಂದು ಅರ್ಥ. ಎತ್ತಿದರೆ ಮಾತು ಅಲ್ಲಿಗೆ ತೀರಿತು. ಎಬ್ಬಿಸದೆ ಬಿಟ್ಟರೆ ಅವನು ಜನ್ಮವಿಡೀ ತಲೆ ಎತ್ತುವಂತಿಲ್ಲ. ಹಿರಿಯರು ಜೊತೆಗೆ ಬರಬೇಕು. ಅವನ ಹಿರಿಯರೆಲ್ಲ ದ್ವೀಪದಲ್ಲಿ. ಒಬ್ಬನೇ ಬಂದಿದ್ದ.

ಫೋನು ಮಾಡಿದ್ದಕ್ಕೆ ನಿನ್ನ ದೊಡ್ಡಪ್ಪ ತಾವಿತ ಸೊಂಟಕ್ಕೆ ಲವಲವ ಪಂಚೆ ಸುತ್ತಿಕೊಂಡು ಓಡಿಬಂದರು. ಮನೆತನದ ಮುಖಂಡರಲ್ಲವೇ, ಚಾಪೆ ಎತ್ತುವ ಅಧಿಕಾರ ಅವರದು. "ಒಳ್ಳೇ ಮನುಷ್ಯ. ಮರ್ಯಾದೆ ಗೊತ್ತಿರೋನು. ಸ್ವಲ್ಪ ಹೊತ್ತು ಕೂರ್ಲಿ, ಆಮೇಲೆ ಎತ್ತಿ ಮುಗಿಸೋಣ" ಎಂದು ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರು. ಮುಗಿಸೋಣವಂತೆ! ಮುಗಿದರೆ ಏನಾಗುತ್ತದೆ? ತಪ್ಪು ಫಲನಿಕೊನದೆಂದು ಗೋರಿಯ ಕಲ್ಲಿನ ಹಾಗೆ ನಿಲ್ಲುತ್ತದೆ. ಮತ್ತೆ ಅದರ ಸೊಲ್ಲೆತ್ತುವಂತಿಲ್ಲ. ಅವನು ಶೆಡ್ಡಿನ ಬೋರ್ಡು ಆಗಲೇ ಇಳಿಸಿಯಾಗಿತ್ತು, ಇನ್ನು ಎಂಜಿನ್ ಮುಟ್ಟುವುದಿಲ್ಲ ಎಂದು ಚರ್ಚಿನಲ್ಲಿ ಹೇಳಿಯಾಗಿತ್ತು. ನೀನು ಬ್ರಿಸ್ಬೇನಿನಲ್ಲಿ ನಿರಾಳ.

ಸೆಫೊ, ಕಾರ್ಖಾನೆಯಲ್ಲಿ ಒಮ್ಮೆ ಒಬ್ಬ ಟೊಂಗಾ ಹುಡುಗಿಯ ಬೆರಳು ಹೋಯಿತು. ಗರಗಸದ ಹಲ್ಲಿಗೆ ಅಡ್ಡ ಹಾಕಿದ ಮರೆಯನ್ನು ತೆಗೆದಿಟ್ಟವನು ಮೇಸ್ತ್ರಿಯ ತಮ್ಮ. "ಅವಳದೇ ಅಜಾಗರೂಕತೆ" ಎಂದು ಅವಳಿಂದಲೇ ಹೇಳಿಸಲು ನೋಡಿದರು. ನಾವು ಲೈನು ನಿಲ್ಲಿಸಿದೆವು. ಮಾಡದ ತಪ್ಪಿಗೆ ತಲೆ ಬಗ್ಗಿಸಬೇಡಿ ಎಂದು ಅಂದು ಗೇಟಿನಲ್ಲಿ ಕೂಗಿದ್ದು ಈ ಗಂಟಲೇ. ಈಗ ನನ್ನ ಅಂಗಳದಲ್ಲೇ ಒಬ್ಬ ಕೆಲಸಗಾರ ಮಾಡದ ತಪ್ಪಿಗೆ ತಲೆ ಬಗ್ಗಿಸಿದ್ದಾನೆ, ಅದರ ಲಾಭ ನನ್ನ ಮಗನಿಗೆ. ನಾನು ಮೆಟ್ಟಿಲ ಮೇಲೆ ನೊಂದವಳ ಹಾಗೆ ಮುಖ ಮಾಡಿಕೊಂಡು ನಿಂತಿದ್ದೇನೆ. ಮೇಸ್ತ್ರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ಹೇಳು?

ಇಳಿದೆ. ಭಾವನವರು "ಎತ್ತಬೇಡ ಲಾಂಗಿ, ನಾನೇ ಎತ್ತಬೇಕು!" ಎಂದು ಕೂಗಿದರು. ನಾನು ಎತ್ತಲಿಲ್ಲ. ಈ ಹಾಳು ಮಂಡಿಗಳನ್ನು ಒದ್ದೆ ಹುಲ್ಲಿನ ಮೇಲೆ ಊರಿ, ಚಾಪೆಯ ಅಂಚು ಸರಿಸಿ, ಒಳಗೆ ತೂರಿಕೊಂಡೆ.

ಒಳಗೆ ಕತ್ತಲು, ತೆಂಗಿನೆಣ್ಣೆಯ ವಾಸನೆ, ಗ್ರೀಸಿನ ವಾಸನೆ. ಫಲನಿಕೊ ಬೆಚ್ಚಿಬಿದ್ದ. "ಅಕ್ಕಾ! ಏನಿದು? ಹೊರಗೆ ಹೋಗು, ನಿಂದು ಆ ಕಡೆ." "ನಂದು ಎರಡೂ ಕಡೆ. ಜರುಗು." "ಜಾಗ ಎಲ್ಲಿದೆ ಅಕ್ಕಾ, ಇದು ಒಬ್ರಿಗೇ ಸಾಲಲ್ಲ." "ಹೊಟ್ಟೆ ಒಳಗೆಳ್ಕೊ, ಸಾಲತ್ತೆ. ತಿರುಪು ಎಲ್ಲಿ?" ಅವನ ಕೈ ಜೇಬಿನ ಕಡೆ ಹೋಯಿತು. "ಸೆಫೊ ತಿರುಗಿಸಿದ್ದು, ಅಲ್ವಾ?" ಎಂದೆ. "ಕಟ್ಟಿದ್ದು ನಾನು ಅಕ್ಕಾ" ಎಂದ. "ಆ ತಿರುಪು ಕೈಗೆ ಸಿಗೋ ಜಾಗದಲ್ಲಿ ಇಟ್ಟಿದ್ದು ನಾನು. ಬೀಗ ಹಾಕ್ಬೇಕಿತ್ತು. ನಮ್ಮವರೇ ಅಲ್ವಾ ಅಂತ ಬಿಟ್ಟೆ. ಅವನು ತಂಗಿ ಗೆಲ್ಲಲಿ ಅಂತ ಮಾಡಿದ್ದು, ಕೊಲ್ಲೋಕೆ ಮಾಡಿದ್ದಲ್ಲ. ಹುಡುಗನ ಹೆಸರು ಯಾಕೆ ಕೆಡಿಸ್ಬೇಕು?" ಯಂತ್ರಕ್ಕೆ ಮರೆ ಹಾಕಬೇಕಾದ್ದು ಯಂತ್ರ ಇಟ್ಟವನ ಹೊಣೆ ಎಂದು ಮಾಲೀಕರ ಜೊತೆ ಜೀವಮಾನವೆಲ್ಲ ಜಗಳವಾಡಿದವಳು ನಾನೇ ಅಲ್ಲವೇ. "ಸರಿ, ಬೀಗ ಹಾಕದ ಪಾಲು ನಿಂದು, ಇಟ್ಕೊ" ಎಂದೆ. "ಉಳಿದದ್ದು ನಮ್ಮನೇದು. ಅದನ್ನ ನೀನು ಹೊರೋಕೆ ನಾನು ಬಿಡಲ್ಲ."

ಹೊರಗೆ ಭಾವನವರು ಒದ್ದಾಡುತ್ತಿದ್ದರು. "ಏನಮ್ಮಾ ಇದು, ನೊಂದೋರೇ ಚಾಪೆ ಕೆಳಗೆ ಹೋಗಿ ಕೂತ್ರೆ ನಾನು ಯಾರ ಪರವಾಗಿ ಎತ್ಲಿ? ಮುನ್ನೂರು ವರ್ಷದಲ್ಲಿ ಯಾರೂ ಮಾಡಿಲ್ಲ!" ಒಳಗಿನಿಂದಲೇ ಕೂಗಿದೆ: "ಭಾವಾ, ತಿರುಪು ತಿರುಗಿಸಿದ್ದು ನನ್ನ ಮಗ ಸೆಫೊ. ಅವನ ಜಾಗದಲ್ಲಿ ನಾನು ಕೂತಿದೀನಿ. ನೊಂದೋಳು ಒಬ್ಳೇ, ಅವಳು ಒಳಗೆ ಮಲಗಿದಾಳೆ. ಅವಳು ಎತ್ತಿದ್ರೆ ಏಳ್ತೀವಿ." ಆ ಅಜ್ಜಿಯೂ ಕೇಳಿಸಿಕೊಂಡಳು, ಬಸ್ ನಿಲ್ದಾಣದಲ್ಲಿದ್ದವರೂ ಕೇಳಿಸಿಕೊಂಡರು. ನಿನ್ನ ಹೆಸರನ್ನು ನಾನು ಬೀದಿಯಲ್ಲಿ ಕೂಗಿದೆ, ಸೆಫೊ. ನಿನಗೆ ಹೇಳದೆ ಕೂಗಿದೆ. ಅದು ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು.

ಎಷ್ಟು ಹೊತ್ತು ಕಳೆಯಿತೋ. ಮಂಡಿ ಸತ್ತುಹೋಗಿತ್ತು. ಅವಳು ಬಾರದೆ ಹೋದರೆ ಎಂಬ ಯೋಚನೆ ಬಂತು. ಬಾರದಿರಲು ಅವಳಿಗೆ ಪೂರ್ತಿ ಹಕ್ಕಿತ್ತು. ಬಂದು ಬಯ್ದಿದ್ದರೂ ನಾವು ತಲೆ ಎತ್ತುವಂತಿರಲಿಲ್ಲ. ಆಮೇಲೆ ಚಪ್ಪಲಿಯ ಸದ್ದು ಕೇಳಿತು. ಚಾಪೆಯ ಅಂಚು ಒಂದು ಕಡೆ ಎದ್ದಿತು, ಜಾರಿತು, ಮತ್ತೆ ಎದ್ದಿತು. ಎರಡೂ ಕೈಗೆ ಬೆರಳ ತುದಿಯವರೆಗೆ ಬಟ್ಟೆ ಸುತ್ತಿದೆಯಲ್ಲ, ಹಿಡಿಯಲು ಆಗುತ್ತಿರಲಿಲ್ಲ. ಭಾವನವರು ಸಹಾಯಕ್ಕೆ ಬಂದರೆ "ಮುಟ್ಬೇಡಿ ದೊಡ್ಡಪ್ಪ!" ಎಂದಳು. ಕೊನೆಗೆ ನಿನ್ನ ತಂಗಿ ಬಗ್ಗಿ, ಚಾಪೆಯನ್ನು ಹಲ್ಲಿನಲ್ಲಿ ಕಚ್ಚಿ, ಮೊಣಕೈಗಳಲ್ಲಿ ತಳ್ಳಿ, ನಮ್ಮ ತಲೆಯ ಮೇಲಿಂದ ಎಳೆದಳು. ಬೆಳಕು ಬಿತ್ತು. ಅವಳ ತುಟಿಗೆ ನಾರು ಅಂಟಿತ್ತು. ಉಗಿದು, ಫಲನಿಕೊನ ಕಡೆ ನೋಡಿ, "ಥೂ, ನೂರು ವರ್ಷದ ಧೂಳು! ಇನ್ನೊಂದ್ಸಲ ಬರೋದಿದ್ರೆ ಒದರಿ ತನ್ನಿ ಮಾಮ" ಎಂದಳು. ಭಾವನವರು ಭಾಷಣ ಮರೆತರು.

ಆಮೇಲೆ ಅವಳು ನಮ್ಮ ಎದುರು ಹುಲ್ಲಿನ ಮೇಲೇ ಕುಳಿತಳು. "ನಂಗೆ ಗೊತ್ತಿತ್ತು" ಎಂದಳು. "ಎರಡನೇ ಗೇರಿಗೆ ಹಾಕಿದಾಗ್ಲೇ ಗೊತ್ತಾಯ್ತು. ಆ ಎಳೆತ ಮಾಮಂದಲ್ಲ. ಮಾಮನ ಎಂಜಿನ್ನು ತಳ್ಳತ್ತೆ, ಇದು ಕಿತ್ಕೊಂಡು ಹೋಯ್ತು. ಸೆಫೊಂದೇ ಬುದ್ಧಿ ಅಂದ್ಕೊಂಡೆ. ಪೆಡಲಿಂದ ಕಾಲು ತೆಗೀಬಹುದಿತ್ತು. ತೆಗೀಲಿಲ್ಲ. ಅಷ್ಟು ಚೆನ್ನಾಗಿತ್ತು ಅಮ್ಮಾ." ಅಷ್ಟು ಚೆನ್ನಾಗಿತ್ತು ಎನ್ನುವಾಗ ಅವಳ ಮುಖ ನೀನು ನೋಡಬೇಕಿತ್ತು. ಅಲ್ಲಿಯವರೆಗೆ ಒಂದು ಹನಿ ಹಾಕದ ಫಲನಿಕೊ ಆಗ ಅತ್ತ. ಹೆಗಲು ಕುಣಿಸಿ ಅತ್ತ. ಜೇಬಿನಿಂದ ತಿರುಪು ತೆಗೆದು ಹುಲ್ಲಿನ ಮೇಲಿಟ್ಟ. ಇಷ್ಟೇ ಇಷ್ಟು, ಕಿರುಬೆರಳ ಉಗುರಿನಷ್ಟು.

ಎಲ್ಲರಿಗೂ ಕೋಕೋ ಅಕ್ಕಿಯ ಗಂಜಿ ಮಾಡಿದೆ. ಆ ಅಜ್ಜಿಯೂ ಎರಡು ಬಟ್ಟಲು ಕುಡಿದು, ಚಾಪೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು. ಭಾವನವರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ. ಪದ್ಧತಿ ಕೆಡಿಸಿದೆನಂತೆ. ಕೆಡಿಸಿದ್ದರೆ ಕೆಡಿಸಿದೆ. ಮಂಡಿಯೂರುವುದನ್ನು ನಾನು ಇಷ್ಟು ವರ್ಷ ಬಯ್ದಿದ್ದು ಮೇಲಿನವರ ಮುಂದೆ ಊರಿಸುತ್ತಾರೆ ಎಂದು. ಸಮಾನರು ಒಬ್ಬರ ಮುಂದೊಬ್ಬರು ಊರುವುದು ಬೇರೆ ಎಂದು ಈಗ ಗೊತ್ತಾಗಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಿನ್ನನ್ನು ಶಪಿಸಲು ಇದನ್ನು ಬರೆದದ್ದಲ್ಲ ಮಗನೇ. ನೀನು ತಿರುಪು ತಿರುಗಿಸಿದ್ದಕ್ಕೆ ನನಗೆ ಸಂಕಟ. ಓಡಿಹೋದದ್ದಕ್ಕೆ ಸಿಟ್ಟು. ಸಂಕಟ ಇರುತ್ತದೆ, ಸಿಟ್ಟು ಇಳಿಯುತ್ತದೆ. ಅಟ್ಟ ಹತ್ತುವಾಗ ಬೆಲ್ಟು ಬಿಗಿ. ಭಾನುವಾರ ಚರ್ಚಿಗೆ ಹೋಗದಿದ್ದರೂ ಪರವಾಗಿಲ್ಲ, ಯೂನಿಯನ್ ಸಭೆ ತಪ್ಪಿಸಬೇಡ. ದೇವರು ನಿನ್ನ ಕೈ ಕಾಲು ನೆಟ್ಟಗಿಡಲಿ, ನಿನ್ನ ಬೆನ್ನೆಲುಬನ್ನು ಅದಕ್ಕಿಂತ ನೆಟ್ಟಗಿಡಲಿ.

ನಿನ್ನನ್ನು ಹೆತ್ತ
ಲಾಂಗಿ

ಲಕೋಟೆ ಅಂಟಿಸುವಷ್ಟರಲ್ಲಿ ರೂತಾ ಬಂದು ನಿಂತಳು, ಇದನ್ನು ಸೇರಿಸಲೇಬೇಕಂತೆ. ಫಲನಿಕೊ ಮತ್ತೆ ಬೋರ್ಡು ಹಾಕಿದ್ದಾನೆ. ಅವಳಿಗೆ ಹೊಸ ಎಂಜಿನ್ ಕಟ್ಟುತ್ತಾನೆ, ಆ ದಿನದ ಎಳೆತವನ್ನೇ ತಡೆದುಕೊಳ್ಳುವಂಥದ್ದು. ಆದರೆ ಅದಕ್ಕೆ ಅವನಿಗೆ ಒಂದು ಅಂಕಿ ಬೇಕು. ತಿರುಪು ಎಷ್ಟು ತಿರುಗಿತ್ತೋ ಅವನಿಗೆ ಗೊತ್ತು, ಒತ್ತಡದ ಮುಳ್ಳು ಎಲ್ಲಿಯವರೆಗೆ ಏರಿತ್ತೋ ಗೊತ್ತಿಲ್ಲ. ಮೀಟರು ಕರಗಿಹೋಗಿದೆ. ಓಡಿಸುವಾಗ ಅವಳ ಕಣ್ಣು ದಾರಿಯ ಮೇಲಿತ್ತು. ಪಂದ್ಯದ ಹಿಂದಿನ ಸಂಜೆ ತಿರುಪು ತಿರುಗಿಸಿ ಶೆಡ್ಡಿನ ಹಿಂದಿನ ರಸ್ತೆಯಲ್ಲಿ ಓಡಿಸಿ ನೋಡಿದವನು ನೀನು, ಆ ಮುಳ್ಳನ್ನು ಕಂಡವನು ನೀನೊಬ್ಬನೇ. ಕಾಗದದಲ್ಲಿ ಬರೆದು ಕಳಿಸಿದರೆ ಓದದೆ ಹರಿದುಹಾಕುತ್ತಾಳಂತೆ. ಫೋನಿನಲ್ಲಿ ಹೇಳಿದರೆ ಇಟ್ಟುಬಿಡುತ್ತಾಳಂತೆ. ಅವಳೆದುರು ನಿಂತು, ಅವಳ ಕೈ ನೋಡಿಕೊಂಡು, ಬಾಯಿಬಿಟ್ಟು ಹೇಳಬೇಕಂತೆ. ಅಲ್ಲಿಯವರೆಗೆ ಎಂಜಿನ್ ಶುರುವಾಗುವುದಿಲ್ಲ.